ನೆರೆಮನೆಯ ಎಳ್ಳುಬೆಲ್ಲ

ಸಂಕ್ರಾಂತಿಯ ಸಂಜೆ ನಮ್ಮ ಸೀಮೆಯ ಊರುಗಳಲ್ಲಿ ಕಾಣಬರುವ ನೋಟವನ್ನು ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಚಿಕ್ಕಬಳ್ಳಾಪುರವಾಗಲಿ, ಶಿಡ್ಲಘಟ್ಟವಾಗಲಿ, ಚಿಂತಾಮಣಿಯಾಗಲಿ, ಗೌರಿಬಿದನೂರಾಗಲಿ, ಹೊಸ ಲಂಗ ತೊಟ್ಟ ಹುಡುಗಿಯರು ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆಯಚ್ಚು, ಕಬ್ಬಿನ ತುಂಡು, ಬಾಳೆಯ ಹಣ್ಣುಗಳನ್ನಿಟ್ಟುಕೊಂಡು ಮನೆಯಿಂದ ಮನೆಗೆ ಹೋಗುತ್ತಾರೆ. ಎಳ್ಳು ಬೀರುವ ಈ ಸಂಭ್ರಮದಲ್ಲಿ ಒಳ್ಳೆಯ ಮಾತಾಡಿರೆಂಬ ಹಾರೈಕೆಯೂ ಸೇರಿರುತ್ತದೆ.

ನಮ್ಮ ಬಾಲ್ಯದ ಒಂದು ಸಂಕ್ರಾಂತಿ ಇಂದಿಗೂ ನೆನಪಿನಲ್ಲಿದೆ. ಆ ವರ್ಷ ನಮಗೂ ಪಕ್ಕದ ಮನೆಯವರಿಗೂ ಮಾತು ನಿಂತುಹೋಗಿದ್ದಿತು. ಕಾರಣ ದೊಡ್ಡದೇನೂ ಅಲ್ಲ. ನಮ್ಮ ಸೂರಿನ ನೀರು ಅವರ ಗೋಡೆಯ ಬುಡಕ್ಕೆ ಸುರಿಯುತ್ತಿದ್ದಿತು. ಅವರು ಒಂದು ಸಲ ಹೇಳಿದರು, ಎರಡು ಸಲ ಹೇಳಿದರು. ಮೂರನೆಯ ಸಲ ದನಿ ಏರಿತು. ನಮ್ಮ ತಂದೆಯವರೂ ಸುಮ್ಮನಿರಲಿಲ್ಲ. ಹೀಗಿರಲು ಹಬ್ಬದ ಸಂಜೆ ತಾಯಿಯವರು ಅಕ್ಕನ ಕೈಯಲ್ಲಿ ತಟ್ಟೆಯನ್ನಿಟ್ಟು, "ಮೊದಲು ಪಕ್ಕದ ಮನೆಗೆ ಹೋಗಿ ಬಾಮ್ಮ" ಎಂದರು. ತಂದೆಯವರು ಪತ್ರಿಕೆಯಿಂದ ತಲೆಯೆತ್ತಿ, "ಮೂರು ತಿಂಗಳಿಂದ ಮಾತಿಲ್ಲ. ಈಗ ಎಳ್ಳೇಕೆ?" ಎಂದು ಕೇಳಿದರು. ತಾಯಿಯವರು ಶಾಂತವಾಗಿಯೇ ಉತ್ತರ ಕೊಟ್ಟರು: "ಮಾತಿಲ್ಲ ಅಂತಲೇ ಎಳ್ಳು. ಮಾತಿದ್ದಿದ್ದರೆ ಬರಿಗೈಯಲ್ಲೂ ಹೋಗಬಹುದಾಗಿತ್ತಲ್ಲ!"

ಅಕ್ಕ ಹೋದಳು, ತಟ್ಟೆಯ ತುಂಬ ಅವರ ಮನೆಯ ಎಳ್ಳುಬೆಲ್ಲವನ್ನು ತಂದಳು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಬ್ಬ ಕಳೆದ ಮೇಲೂ ಸೂರಿನ ನೀರು ಸೂರಿನ ನೀರೇ. ಮಳೆಗಾಲಕ್ಕೆ ಮುಂಚೆ ತಂದೆಯವರು ಕೆಲಸದವನನ್ನು ಕರೆಸಿ, ಸೂರಿನ ಉದ್ದಕ್ಕೂ ತಗಡಿನ ದೋಣಿ ಕಟ್ಟಿಸಿ, ನೀರನ್ನು ಬೀದಿಯ ಚರಂಡಿಗೆ ತಿರುಗಿಸಿದರು. ಪಕ್ಕದ ಮನೆಯವರು ಖರ್ಚಿನಲ್ಲಿ ಕಾಲುಭಾಗ ತಾವು ಕೊಡುವುದಾಗಿ ಬಂದರು. ಮಾತು ಮತ್ತೆ ಬೆಳೆದುದು ಆ ದಿನದಿಂದ. ಎಳ್ಳುಬೆಲ್ಲ ಬಾಗಿಲನ್ನು ತೆರೆಯಿತು; ಬಾಗಿಲು ಮತ್ತೆ ಮುಚ್ಚದಂತೆ ಮಾಡಿದುದು ತಗಡಿನ ದೋಣಿ.

ದೇಶದೇಶಗಳ ನಾಯಕರು ಒಬ್ಬರೊಬ್ಬರ ರಾಜಧಾನಿಗೆ ಹೋಗಿ ಹಾರ ಹಾಕಿಸಿಕೊಂಡು, ಔತಣ ಉಂಡು, ಸದ್ಭಾವನೆಯ ಹೇಳಿಕೆಯೊಂದನ್ನು ಹೊರಡಿಸಿ ಹಿಂದಿರುಗುವ ಸುದ್ದಿಯನ್ನು ಓದಿದಾಗಲೆಲ್ಲ ನಮಗೆ ಈ ಸಂಕ್ರಾಂತಿಯ ನೆನಪಾಗುತ್ತದೆ. "ಇಂತಹ ಭೇಟಿಗಳಿಂದ ಏನು ಪ್ರಯೋಜನ? ವಿಮಾನದ ಖರ್ಚಷ್ಟೆ" ಎಂದು ಮೂಗು ಮುರಿಯುವವರು ಬಹಳ ಮಂದಿ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾದುದೂ ಇಲ್ಲ. ಚಿಕ್ಕಬಳ್ಳಾಪುರದ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಕಾಣುವ ನಂದಿಬೆಟ್ಟದಿಂದಲೇ ಆರಂಭಿಸಬಹುದು.

ಸಮುದ್ರಮಟ್ಟದಿಂದ 4,851 ಅಡಿ ಎತ್ತರದ ಈ ಬೆಟ್ಟಕ್ಕೆ ದೊಡ್ಡ ಅತಿಥಿಗಳು ಹೊಸಬರಲ್ಲ. ಟಿಪ್ಪು ಸುಲ್ತಾನನ ಬೇಸಗೆಯ ಅರಮನೆ ಅಲ್ಲಿದೆ. 1927ರಲ್ಲಿ ದೇಹ ಬಳಲಿದ ಗಾಂಧೀಜಿಯವರು ವಿಶ್ರಾಂತಿಗಾಗಿ ಬಂದು ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಆದರೆ 1986ರ ನವೆಂಬರಿನಲ್ಲಿ ಅಲ್ಲಿ ಕೂಡಿದಂತಹ ಅತಿಥಿಸಮೂಹವನ್ನು ಆ ಬೆಟ್ಟ ಹಿಂದೆ ಕಂಡಿರಲಿಲ್ಲ. ಆ ತಿಂಗಳ 16 ಮತ್ತು 17ರಂದು ಬೆಂಗಳೂರಿನಲ್ಲಿ ದಕ್ಷಿಣ ಏಷ್ಯದ ಏಳು ರಾಷ್ಟ್ರಗಳ ಸಹಕಾರ ಸಂಘ, ಅಂದರೆ ಸಾರ್ಕ್, ತನ್ನ ಎರಡನೆಯ ಶೃಂಗಸಭೆಯನ್ನು ನಡೆಸಿತು. ಸಭೆಯ ಗದ್ದಲದಿಂದ ಬಿಡಿಸಿಕೊಂಡು ಮನಬಿಚ್ಚಿ ಮಾತನಾಡಲೆಂದು ನಾಯಕರನ್ನು ನಂದಿಬೆಟ್ಟಕ್ಕೆ ಕರೆತರಲಾಯಿತು. ಆತಿಥೇಯರು ನಮ್ಮ ಪ್ರಧಾನಿ ರಾಜೀವ್ ಗಾಂಧಿಯವರು. ಪಾಕಿಸ್ತಾನದ ಪ್ರಧಾನಿ ಮಹಮ್ಮದ್ ಖಾನ್ ಜುನೇಜೊ, ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆ, ಬಾಂಗ್ಲಾದೇಶದ ಅಧ್ಯಕ್ಷ ಎರ್ಷಾದ್, ಮಾಲ್ಡೀವ್ಸಿನ ಅಧ್ಯಕ್ಷ ಗಯೂಮ್, ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಇವರು ಅತಿಥಿಗಳು. ಮನುಕುಲದ ಸುಮಾರು ಐದನೆಯ ಒಂದು ಭಾಗದ ಪಾಲಿಗೆ ಹಣೆಬರಹ ಬರೆಯಬಲ್ಲವರು ನಮ್ಮ ಬೆಟ್ಟದ ತಲೆಯ ಮೇಲೆ ಒಟ್ಟಿಗೆ ಕುಳಿತಿದ್ದರು.

ಫಲವೇನಾಯಿತು? ಮೊದಲು ಒಳ್ಳೆಯದನ್ನು ಹೇಳೋಣ. ಸಂಘಕ್ಕೊಂದು ಕಾಯಂ ಕಚೇರಿ ಬೇಕೆಂಬ ಒಪ್ಪಂದಕ್ಕೆ ಬೆಂಗಳೂರಿನಲ್ಲಿಯೇ ಸಹಿ ಬಿದ್ದಿತು. 1987ರ ಜನವರಿಯಲ್ಲಿ ಅದು ಕಠ್ಮಂಡುವಿನಲ್ಲಿ ಬಾಗಿಲು ತೆರೆಯಿತು. ಇನ್ನು ಕಹಿಯಾದುದು. ನಾಯಕರು ಬೆಟ್ಟವಿಳಿದು ಹೋದ ಕೆಲವೇ ವಾರಗಳಲ್ಲಿ ಭಾರತದ ದೊಡ್ಡ ಸೈನಿಕ ಕವಾಯತು 'ಬ್ರಾಸ್‌ಟ್ಯಾಕ್ಸ್' ರಾಜಸ್ಥಾನದ ಮರಳುಗಾಡಿನಲ್ಲಿ ಪೂರ್ಣ ವೇಗ ಪಡೆಯಿತು. ಪಾಕಿಸ್ತಾನವೂ ತನ್ನ ದಂಡನ್ನು ಗಡಿಗೆ ತಂದು ನಿಲ್ಲಿಸಿತು. 1987ರ ಜನವರಿಯ ಹೊತ್ತಿಗೆ ಎರಡು ಸೇನೆಗಳೂ ಯುದ್ಧದ ಅಂಚಿನಲ್ಲಿದ್ದವು. ಶ್ರೀಲಂಕೆಯ ತಮಿಳರ ಪ್ರಶ್ನೆಯನ್ನು ಕುರಿತು ಬೆಂಗಳೂರಿನಲ್ಲಿ ನಡೆದ ಮಾತುಕತೆಯೂ ಅಲ್ಲಿ ಕೈಗೂಡಲಿಲ್ಲ. ಮರುವರ್ಷದ ಜುಲೈನಲ್ಲಿ ಒಪ್ಪಂದಕ್ಕೆ ಸಹಿ ಹಾಕಲು ರಾಜೀವರು ಕೊಲಂಬೊಗೆ ಹೋದಾಗ, ಗೌರವರಕ್ಷೆಯ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬನು ಬಂದೂಕಿನ ಹಿಡಿಯಿಂದ ಅವರ ಮೇಲೆ ಪ್ರಹಾರ ಮಾಡಿದನು. ಸದ್ಭಾವನೆಯ ಹಾದಿ ಬರಿಯ ಹೂವಿನ ಹಾಸಿಗೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮೂಗು ಮುರಿಯುವವರೇ ಗೆದ್ದರೆ? ಅವಸರ ಬೇಡ. 1987ರ ಫೆಬ್ರವರಿಯಲ್ಲಿ ಎರಡೂ ಕಡೆಯ ಅಧಿಕಾರಿಗಳು ದಿಲ್ಲಿಯಲ್ಲಿ ಕುಳಿತು ಸೇನೆಗಳನ್ನು ಹಿಂದೆ ಸರಿಸಲು ಒಪ್ಪಿದರು. ಅದೇ ತಿಂಗಳು ಜನರಲ್ ಜಿಯಾ ಜಯಪುರಕ್ಕೆ ಕ್ರಿಕೆಟ್ ನೋಡುವ ನೆಪದಲ್ಲಿ ಬಂದರು. 1988ರ ಡಿಸೆಂಬರ್ 31ರಂದು, ಇದೇ ಸಾರ್ಕ್ ಸಭೆಗಾಗಿ ರಾಜೀವರು ಇಸ್ಲಾಮಾಬಾದಿಗೆ ಹೋಗಿದ್ದ ಸಂದರ್ಭದಲ್ಲಿ, ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡತಕ್ಕದ್ದಲ್ಲವೆಂಬ ಕರಾರಿಗೆ ಸಹಿಯಾಯಿತು. ಅದರಂತೆ 1992ರಿಂದ ಪ್ರತಿವರ್ಷ ಜನವರಿ 1ರಂದು ಎರಡು ದೇಶಗಳೂ ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. 1999ರ ಕಾರ್ಗಿಲ್ ಯುದ್ಧದ ಬಳಿಕವೂ ಅದು ತಪ್ಪಲಿಲ್ಲ. ಇದನ್ನು ನಾವು ತಗಡಿನ ದೋಣಿಯೆನ್ನುತ್ತೇವೆ. ಅದಕ್ಕೆ ಹಾರವಿಲ್ಲ, ವಾದ್ಯವಿಲ್ಲ. ಆದರೆ ಮಳೆ ಬಂದಾಗ ಗೋಡೆ ಉಳಿಯುತ್ತದೆ.

ನೆರೆಹೊರೆಯ ಈ ಕಷ್ಟಸುಖ ನಮಗೊಬ್ಬರಿಗೇ ಬಂದುದೆಂದು ತಿಳಿಯಬಾರದು. ಇದಕ್ಕಿಂತ ಹಳೆಯದೂ ಹೆಚ್ಚು ಬೋಧಪ್ರದವೂ ಆದ ನಿದರ್ಶನ ಅಮೆರಿಕ ಮತ್ತು ಮೆಕ್ಸಿಕೊ ದೇಶಗಳದು. ಮೆಕ್ಸಿಕೊ ಎಲ್ಲಿಯದೋ ದೂರದ ನಾಡೆಂದು ವಾಚಕರು ಪುಟ ತಿರುವದಿರಲಿ. ಚಿಂತಾಮಣಿಯ ಸಂತೆಗೆ ಬರುವ ಟೊಮೇಟೊ, ಗೌರಿಬಿದನೂರಿನ ಹೊಲದ ಮುಸುಕಿನ ಜೋಳ, ನಮ್ಮೆಲ್ಲರ ಸಾರಿನ ಮೆಣಸಿನಕಾಯಿ, ಇವೆಲ್ಲ ಮೂಲದಲ್ಲಿ ಆ ಕಡೆಯಿಂದ ಬಂದವುಗಳೇ. ಟೊಮೇಟೊ ಎಂಬ ಹೆಸರು ಕೂಡ ಆ ನಾಡಿನ ಆದಿವಾಸಿಗಳ ನುಡಿಯದು. 1961ರಲ್ಲಿ ನೆಹರೂರವರು ಮೆಕ್ಸಿಕೊಗೆ ಹೋಗಿದ್ದರು. ಮರುವರ್ಷ ಅಲ್ಲಿನ ಅಧ್ಯಕ್ಷ ಲೋಪೆಜ್ ಮಾಟೆಯೋಸ್ ಭಾರತಕ್ಕೆ ಬಂದರು.

ಅಮೆರಿಕಕ್ಕೂ ಮೆಕ್ಸಿಕೊಗೂ ನಡುವಣ ಗಾಯ ಆಳವಾದುದು. 1846ರಿಂದ 1848ರವರೆಗೆ ನಡೆದ ಯುದ್ಧದ ಕೊನೆಗೆ, ಹಿಂದೆಯೇ ಕೈಬಿಟ್ಟಿದ್ದ ಟೆಕ್ಸಾಸನ್ನೂ ಸೇರಿಸಿ ಲೆಕ್ಕಹಾಕಿದರೆ, ಮೆಕ್ಸಿಕೊ ತನ್ನ ಅರ್ಧಕ್ಕೂ ಹೆಚ್ಚು ನೆಲವನ್ನು ಕಳೆದುಕೊಂಡಿತು. ಇಂದಿನ ಕ್ಯಾಲಿಫೋರ್ನಿಯ ಆಗ ಹೋದುದು. 1847ರ ಸೆಪ್ಟೆಂಬರ್ 13ರಂದು ಮೆಕ್ಸಿಕೊ ನಗರದ ಚಾಪುಲ್ತೆಪೆಕ್ ಕೋಟೆಯನ್ನು ಅಮೆರಿಕದ ಸೇನೆ ಹತ್ತಿದಾಗ, ಅಲ್ಲಿನ ಸೈನಿಕ ಶಾಲೆಯ ಆರು ಮಂದಿ ಎಳೆಯ ವಿದ್ಯಾರ್ಥಿಗಳು ಶರಣಾಗದೆ ಪ್ರಾಣ ತೆತ್ತರು. ಮೆಕ್ಸಿಕೊದ ಮಕ್ಕಳು ಅವರನ್ನು 'ವೀರ ಬಾಲಕರು' ಎಂದು ಇಂದಿಗೂ ಪೂಜ್ಯಭಾವದಿಂದ ನೆನೆಯುತ್ತಾರೆ.

ಈ ಎರಡು ದೇಶಗಳ ಅಧ್ಯಕ್ಷರು ಮೊತ್ತಮೊದಲು ಮುಖಾಮುಖಿಯಾದುದು ಯುದ್ಧ ಮುಗಿದು ಅರುವತ್ತು ವರ್ಷಗಳ ಮೇಲೆ, 1909ರ ಅಕ್ಟೋಬರ್ 16ರಂದು. ಅಮೆರಿಕದ ಟಾಫ್ಟ್ ಮತ್ತು ಮೆಕ್ಸಿಕೊದ ಪೊರ್ಫಿರಿಯೊ ದಿಯಾಜ್ ಇಬ್ಬರೂ ಗಡಿಯ ಅವಳಿ ಊರುಗಳಾದ ಎಲ್ ಪಾಸೊ ಮತ್ತು ಸಿಯುದಾದ್ ಹುಆರೆಜ್‌ಗಳಲ್ಲಿ ಪರಸ್ಪರ ಸತ್ಕರಿಸಿದರು. ವೈಭವಕ್ಕೆ ಕೊರತೆಯಿರಲಿಲ್ಲ. ಆದರೆ ಆ ಭೇಟಿಯಲ್ಲಿ ಎಳ್ಳುಬೆಲ್ಲವಿದ್ದಿತೇ ಹೊರತು ದೋಣಿ ಇರಲಿಲ್ಲ. ಮರುವರ್ಷ ಮೆಕ್ಸಿಕೊದಲ್ಲಿ ಕ್ರಾಂತಿ ಸಿಡಿಯಿತು. 1911ರಲ್ಲಿ ದಿಯಾಜ್ ದೇಶ ಬಿಟ್ಟರು. 1914ರಲ್ಲಿ ಅಮೆರಿಕದ ಪಡೆ ಮೆಕ್ಸಿಕೊದ ವೆರಕ್ರುಜ್ ಬಂದರನ್ನು ಹಿಡಿಯಿತು. 1916ರಲ್ಲಿ ಪಾಂಚೊ ವಿಯಾನನ್ನು ಅಟ್ಟಿಕೊಂಡು ಮತ್ತೊಂದು ಪಡೆ ಗಡಿ ದಾಟಿತು.

ಗಾಳಿ ತಿರುಗಿದುದು ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ. 1933ರಲ್ಲಿ ಅವರು 'ಒಳ್ಳೆಯ ನೆರೆಯವನ' ನೀತಿಯನ್ನು ಸಾರಿದರು. ಅದರ ಪರೀಕ್ಷೆ 1938ರ ಮಾರ್ಚಿಯಲ್ಲಿ ಬಂದಿತು. ಮೆಕ್ಸಿಕೊದ ಅಧ್ಯಕ್ಷ ಕಾರ್ದೆನಾಸ್ ವಿದೇಶೀ ಎಣ್ಣೆಯ ಕಂಪೆನಿಗಳನ್ನೆಲ್ಲ ರಾಷ್ಟ್ರದ ಸ್ವತ್ತೆಂದು ಘೋಷಿಸಿದರು. ಕಂಪೆನಿಗಳು ಬೊಬ್ಬೆಯಿಟ್ಟವು. ಹಿಂದಿನ ಕಾಲವಾಗಿದ್ದರೆ ಯುದ್ಧನೌಕೆ ಹೊರಡುತ್ತಿದ್ದಿತು. ರೂಸ್‌ವೆಲ್ಟ್ ನೌಕೆ ಕಳುಹಿಸಲಿಲ್ಲ. ಪರಿಹಾರದ ಹಣವೆಷ್ಟೆಂಬುದನ್ನು ಎರಡು ಕಡೆಯ ತಜ್ಞರು ಕುಳಿತು 1942ರ ಹೊತ್ತಿಗೆ ಇತ್ಯರ್ಥ ಮಾಡಿದರು. ಆಮೇಲೆ 1943ರ ಏಪ್ರಿಲಿನಲ್ಲಿ ರೂಸ್‌ವೆಲ್ಟ್ ಮೆಕ್ಸಿಕೊದ ಮೊಂತೆರ್ರೆ ನಗರಕ್ಕೆ ಹೋಗಿ ಅಧ್ಯಕ್ಷ ಆವಿಲಾ ಕಮಾಚೊರನ್ನು ಕಂಡರು. ಈ ಭೇಟಿಯ ಹಿಂದೆ ಒಂದು ಜಗಳ ನ್ಯಾಯವಾಗಿ ತೀರಿದ್ದಿತು. ಮುಂದೆ ಇನ್ನೊಂದು ತೀರಲಿದ್ದಿತು.

ಅದು ನೀರಿನ ಜಗಳ. ಕೊಲೊರಾಡೊ ನದಿ ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೊಗೆ ಇಳಿಯುತ್ತದೆ. ರಿಯೊ ಗ್ರಾಂದೆಯಾದರೋ ಎರಡು ದೇಶಗಳ ನಡುವೆ ಗಡಿಯಾಗಿಯೇ ಹರಿಯುತ್ತದೆ. ಅದಕ್ಕೆ ನೀರು ತರುವ ಉಪನದಿಗಳಲ್ಲಿ ಮುಖ್ಯವಾದವು ಮೆಕ್ಸಿಕೊದವು. 1944ರ ಫೆಬ್ರವರಿ 3ರ ಒಡಂಬಡಿಕೆಯಂತೆ, ಕೊಲೊರಾಡೊದಿಂದ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರನ್ನು ಅಮೆರಿಕ ಕೊಡತಕ್ಕದ್ದು. ಪ್ರತಿಯಾಗಿ ರಿಯೊ ಗ್ರಾಂದೆಯ ಕಡೆ ಐದು ವರ್ಷಗಳ ಲೆಕ್ಕದಲ್ಲಿ ಸರಾಸರಿ ವರ್ಷಕ್ಕೆ 3.5 ಲಕ್ಷ ಎಕರೆ-ಅಡಿ ನೀರನ್ನು ಮೆಕ್ಸಿಕೊ ಕೊಡತಕ್ಕದ್ದು. ಎಕರೆ-ಅಡಿಯೆಂದರೆ ಒಂದು ಎಕರೆ ನೆಲದ ಮೇಲೆ ಒಂದಡಿ ಆಳ ನಿಲ್ಲುವಷ್ಟು ನೀರು. ಗದ್ದೆಯ ರೈತನಿಗೆ ಥಟ್ಟನೆ ತಿಳಿಯುವ ಅಳತೆ. 1953ರ ಅಕ್ಟೋಬರಿನಲ್ಲಿ ಅಧ್ಯಕ್ಷರಾದ ಐಸೆನ್‌ಹೋವರ್ ಮತ್ತು ರುಯಿಜ್ ಕೊರ್ತಿನೆಸ್ ಗಡಿಯ ಮೇಲೆಯೇ ಕಟ್ಟಿದ ಫಾಲ್ಕನ್ ಅಣೆಕಟ್ಟನ್ನು ಕೂಡಿ ಉದ್ಘಾಟಿಸಿದರು.

ಈ ಲೆಕ್ಕಾಚಾರಗಳ ನಡುವೆ 1947ರ ಮಾರ್ಚಿಯ ಒಂದು ಘಟನೆಯನ್ನು ಮರೆಯಬಾರದು. ಆ ತಿಂಗಳು ಅಮೆರಿಕದ ಅಧ್ಯಕ್ಷ ಟ್ರೂಮನ್ ಮೆಕ್ಸಿಕೊ ನಗರಕ್ಕೆ ಬಂದರು. ಅಧಿಕಾರದಲ್ಲಿರುವ ಅಮೆರಿಕದ ಅಧ್ಯಕ್ಷರೊಬ್ಬರು ಆ ರಾಜಧಾನಿಗೆ ಕಾಲಿಟ್ಟುದು ಅದೇ ಮೊದಲು. ಯುದ್ಧಕ್ಕೆ ಸರಿಯಾಗಿ ನೂರು ವರ್ಷ. ಟ್ರೂಮನ್ ನೆಟ್ಟಗೆ ಚಾಪುಲ್ತೆಪೆಕ್ಕಿಗೆ ಹೋಗಿ, ತಮ್ಮ ದೇಶದ ಸೈನ್ಯದ ಎದುರು ಮಡಿದ ಆ ಬಾಲಕರ ಸ್ಮಾರಕಕ್ಕೆ ಹೂಮಾಲೆಯನ್ನಿರಿಸಿ, ತಲೆಬಾಗಿ ಮೌನವಾಗಿ ನಿಂತರು. ಗೌರವರಕ್ಷೆಗೆ ನಿಂತಿದ್ದ ಸೈನಿಕ ಶಾಲೆಯ ಹುಡುಗರ ಕಣ್ಣು ತುಂಬಿ ಬಂದಿತು. ಹೀಗೇಕೆ ಮಾಡಿದಿರೆಂದು ಪತ್ರಕರ್ತರು ಕೇಳಿದುದಕ್ಕೆ, ಶೂರರು ಯಾವುದೊಂದು ದೇಶಕ್ಕೆ ಮಾತ್ರ ಸೇರಿದವರಲ್ಲವೆಂಬರ್ಥದ ಉತ್ತರ ಕೊಟ್ಟರು. 1950ರಲ್ಲಿ, ಆ ಯುದ್ಧದಲ್ಲಿ ಕಸಿದುಕೊಂಡಿದ್ದ ಮೆಕ್ಸಿಕೊದ ಬಾವುಟಗಳನ್ನು ಅಮೆರಿಕ ಹಿಂದಿರುಗಿಸಿತು. ಗೆದ್ದವನು ತಲೆಬಾಗುವುದಕ್ಕೆ ಸೋತವನು ಬಾಗುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕಲ್ಲವೆ?

ಇನ್ನು ಚಾಮಿಸಾಲಿನ ಕಥೆ. 1864ರ ಪ್ರವಾಹದಲ್ಲಿ ರಿಯೊ ಗ್ರಾಂದೆ ತನ್ನ ಪಾತ್ರವನ್ನು ದಕ್ಷಿಣಕ್ಕೆ ಬದಲಿಸಿದ್ದರಿಂದ, ಮೆಕ್ಸಿಕೊದ ನೆಲದ ಒಂದು ತುಂಡು ಎಲ್ ಪಾಸೊದ ದಡಕ್ಕೆ ಸೇರಿಹೋಯಿತು. ನದಿಯೇ ಗಡಿಯಾದ ಮೇಲೆ ನದಿ ಸರಿದರೆ ಗಡಿಯೂ ಸರಿಯಿತೆ? 1911ರಲ್ಲಿ ಮಧ್ಯಸ್ಥರು ಅದರ ಹೆಚ್ಚಿನ ಭಾಗ ಮೆಕ್ಸಿಕೊಗೆ ಸಲ್ಲಬೇಕೆಂದು ತೀರ್ಪಿತ್ತರು, ಅಮೆರಿಕ ಒಪ್ಪಲಿಲ್ಲ. ಅರ್ಧ ಶತಮಾನ ಅದು ಹಲ್ಲಿನ ಸಂದಿಯ ನಾರಿನಂತೆ ಕಾಡಿತು. 1962ರ ಜೂನ್ ಕೊನೆಯಲ್ಲಿ ಕೆನಡಿ ಮೆಕ್ಸಿಕೊಗೆ ಬಂದಾಗ ಲೋಪೆಜ್ ಮಾಟೆಯೋಸರೊಡನೆ ಈ ವಿಷಯವನ್ನೆತ್ತಿಕೊಂಡರು. 1963ರ ಆಗಸ್ಟಿನಲ್ಲಿ ಒಪ್ಪಂದವಾಯಿತು. ಕೆನಡಿ ಅದರ ಸಮಾರಂಭವನ್ನು ಕಾಣಲಿಲ್ಲ. ಆ ನವೆಂಬರಿನಲ್ಲಿ ಹತರಾದರು. 1964ರ ಸೆಪ್ಟೆಂಬರಿನಲ್ಲಿ ಅವರ ಉತ್ತರಾಧಿಕಾರಿ ಜಾನ್ಸನ್ ಗಡಿಗೆ ಬಂದು ಲೋಪೆಜ್ ಮಾಟೆಯೋಸರ ಕೈ ಕುಲುಕಿದರು. 1968ರ ಡಿಸೆಂಬರಿನಲ್ಲಿ ಜಾನ್ಸನ್ ಮತ್ತು ಮೆಕ್ಸಿಕೊದ ಹೊಸ ಅಧ್ಯಕ್ಷ ದಿಯಾಜ್ ಓರ್ದಾಜ್ ಕೂಡಿ ನದಿಯನ್ನು ಸಿಮೆಂಟಿನ ಹೊಸ ಕಾಲುವೆಗೆ ತಿರುಗಿಸಿದರು. ಇನ್ನು ಅದು ಸರಿಯಲಾರದು!

ಆದರೆ ಇದಕ್ಕೆ ಬೆಲೆ ತೆತ್ತವರಾರು? ಆ ನೆಲದಲ್ಲಿ ಎಲ್ ಪಾಸೊದ ಐದು ಸಾವಿರಕ್ಕೂ ಹೆಚ್ಚು ಮಂದಿ ಮನೆ ಮಾಡಿಕೊಂಡಿದ್ದರು. ಅವರಲ್ಲಿ ಬಹುಪಾಲು ಮೆಕ್ಸಿಕೊ ಮೂಲದ ಬಡವರು. ಅವರೆಲ್ಲ ಎದ್ದು ಬೇರೆಡೆಗೆ ಹೋಗಬೇಕಾಯಿತು. ಅಧ್ಯಕ್ಷರ ಹಸ್ತಲಾಘವದ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಹಿತ್ತಲಿನ ಗಿಡವನ್ನು ಬಿಟ್ಟು ಹೊರಟ ಮುದುಕಿಯ ಚಿತ್ರವನ್ನು ಎಷ್ಟು ಮಂದಿ ಕಂಡರು? ದೊಡ್ಡವರ ರಾಜಿಯ ಖರ್ಚು ಸಣ್ಣವರ ಹೆಸರಿಗೆ ಬೀಳದಂತೆ ನೋಡಿಕೊಳ್ಳುವುದೂ ಸದ್ಭಾವನೆಯ ಒಂದು ಭಾಗವೇ.

ಅಲ್ಲಿಯೂ ಜಗಳ ಕೊನೆಮುಟ್ಟಿಲ್ಲ. 1961ರಿಂದ ಕೊಲೊರಾಡೊದ ನೀರು ಉಪ್ಪಾಗಿ ಬಂದು ಮೆಹಿಕಾಲಿ ಕಣಿವೆಯ ಹತ್ತಿಯ ಬೆಳೆ ಕೆಟ್ಟಾಗ, ಪರಿಹಾರ ದೊರೆಯಲು 1973ರವರೆಗೆ ಕಾಯಬೇಕಾಯಿತು. 2017ರ ಜನವರಿಯಲ್ಲಿ ಗಡಿಯ ಗೋಡೆಯ ಖರ್ಚನ್ನು ಕುರಿತ ವಾದದಿಂದ ಮೆಕ್ಸಿಕೊದ ಅಧ್ಯಕ್ಷ ಪೆನ್ಯಾ ನಿಯೆತೊ ತಮ್ಮ ವಾಷಿಂಗ್‌ಟನ್ ಭೇಟಿಯನ್ನೇ ಕೈಬಿಟ್ಟರು. 2025ರಲ್ಲಿ ರಿಯೊ ಗ್ರಾಂದೆಯ ನೀರಿನ ಬಾಕಿ ಮತ್ತೆ ತಗಾದೆಗೆ ಬಂದಿತು. ಆದರೂ ತಗಾದೆ ನಡೆದುದು ಬಂದೂಕು ಹಿಡಿದಲ್ಲ. 1944ರ ಕಾಗದವನ್ನು ಮುಂದಿಟ್ಟುಕೊಂಡು. ಎಂಬತ್ತು ವರ್ಷಗಳ ಹಳೆಯ ದೋಣಿ ಅಲ್ಲಲ್ಲಿ ಸೋರಿದರೂ ಇನ್ನೂ ಸೂರಿಗೆ ಅಂಟಿಕೊಂಡಿದೆ.

ಈಗ ನಮ್ಮ ಬೆಟ್ಟಕ್ಕೆ ಹಿಂದಿರುಗೋಣ. 1986ರಲ್ಲಿ ಏಳು ನಾಯಕರು ಕುಳಿತಿದ್ದ ನಂದಿಯ ಸುತ್ತಣ ಬೆಟ್ಟಗುಡ್ಡಗಳೇ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಘ್ನಿ ನದಿಗಳಿಗೆ ತವರು. ತವರಿನಲ್ಲಿ ಹೆಚ್ಚು ದಿನ ನಿಲ್ಲದೆ ಇವೆಲ್ಲ ನೆರೆಯ ಸೀಮೆಗೆ ಮದುವೆಯಾಗಿ ಹೋಗುತ್ತವೆ. ಗೌರಿಬಿದನೂರನ್ನು ದಾಟಿದ ಉತ್ತರ ಪಿನಾಕಿನಿ ಹಿಂದೂಪುರದ ಕಡೆಗೆ ಆಂಧ್ರಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿಯೂ ಪಾಲಾರೂ ತಮಿಳುನಾಡಿಗೆ ಹೋಗಿ ಸಮುದ್ರ ಸೇರುತ್ತವೆ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದಲ್ಲಿ ಈ ಐದು ಹೊಳೆಗಳ ಹೆಸರೂ ಉಂಟು. ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಇವುಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟತಕ್ಕದ್ದಲ್ಲವೆಂದು ಅದು ವಿಧಿಸಿತು. ಆ ಕಾಲದಲ್ಲಿ ಮದರಾಸು ಬ್ರಿಟಿಷರದು, ಮೈಸೂರು ಅವರ ಅಂಕೆಯಲ್ಲಿದ್ದ ಸಂಸ್ಥಾನ. ಸಮಬಲರಲ್ಲದವರ ನಡುವೆ ಆದ ಕರಾರಿನ ಕಹಿ ಎಷ್ಟು ದಿನ ನಿಲ್ಲುತ್ತದೆಂಬುದನ್ನು ನಾವು ಮೆಕ್ಸಿಕೊದವರಿಂದ ಕಲಿಯಬೇಕಾಗಿಲ್ಲ. ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯನ್ನು ಕಟ್ಟಹೊರಟಾಗ ಅಡ್ಡಬಂದುದು ಇದೇ ಒಪ್ಪಂದ. 1914ರಲ್ಲಿ ಗ್ರಿಫಿನ್ ಎಂಬ ನ್ಯಾಯಾಧೀಶರ ತೀರ್ಪು, ಅದಕ್ಕೆ ತಕರಾರು, ಕಡೆಗೆ 1924ರಲ್ಲಿ ಹೊಸ ಒಪ್ಪಂದ, ಹೀಗೆ ಅದು ಎಳೆಯಿತು. ದಕ್ಷಿಣ ಪಿನಾಕಿನಿಯ ವ್ಯಾಜ್ಯ 2018ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು.

ಇದೇ ಉತ್ತರ ಪಿನಾಕಿನಿಯ ದಡದಲ್ಲಿ, ಗೌರಿಬಿದನೂರಿಗೆ ಸಮೀಪದಲ್ಲಿ, ವಿದುರಾಶ್ವತ್ಥವಿದೆ. ಮೆಕ್ಸಿಕೊದಲ್ಲಿ ಎಣ್ಣೆಯ ಗಲಭೆಯೆದ್ದ 1938ರ ವಸಂತದಲ್ಲಿಯೇ, ಏಪ್ರಿಲ್ 25ರಂದು, ರಾಷ್ಟ್ರಧ್ವಜವನ್ನು ಹಾರಿಸಲು ಅಲ್ಲಿ ಕೂಡಿದ್ದ ಜನರ ಮೇಲೆ ಗುಂಡು ಹಾರಿ ಹಲವರು ಮಡಿದರು. ಆ ಮೇಲೆ ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಮೈಸೂರು ಬಾವುಟದ ಜೊತೆಯಲ್ಲಿ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಸತ್ತವರು ಹಿಂದಿರುಗಲಿಲ್ಲ, ನಿಜ. ಆದರೆ ಯಾವ ಧ್ವಜಕ್ಕಾಗಿ ಅವರು ಪ್ರಾಣಬಿಟ್ಟರೋ ಅದಕ್ಕೆ ಸ್ಥಾನ ಸಿಕ್ಕಿತು. ಚಾಪುಲ್ತೆಪೆಕ್ಕಿನಲ್ಲಿ ಅದಕ್ಕೆ ನೂರು ವರ್ಷ ಹಿಡಿಯಿತು. ಇಲ್ಲಿ ಒಂದು ತಿಂಗಳೂ ಹಿಡಿಯಲಿಲ್ಲ. ಕಾರಣವೆಂದರೆ ಇಲ್ಲಿ ಬಂದವರು ಬರಿಯ ಹಾರಕ್ಕಾಗಿ ಬಂದಿರಲಿಲ್ಲ.

ವಿದುರನ ಹೆಸರಿನ ಆ ಕ್ಷೇತ್ರದ ಅಶ್ವತ್ಥವೃಕ್ಷವನ್ನು ವಿದುರನೇ ನೆಟ್ಟನೆಂದು ಐತಿಹ್ಯ. 2001ರಲ್ಲಿ ಆ ಹಿರಿಯ ಮರ ಉರುಳಿತು. ವಿದುರನನ್ನು ನೆನೆದರೆ ಕೃಷ್ಣಸಂಧಾನ ನೆನಪಾಗದಿರದು. ಹಸ್ತಿನಾವತಿಗೆ ಬಂದ ಕೃಷ್ಣನು ದುರ್ಯೋಧನನ ಔತಣವನ್ನು ಬಿಟ್ಟು ವಿದುರನ ಮನೆಯಲ್ಲಿ ಉಂಡನು. ಆಮೇಲೆ ಸಭೆಗೆ ಹೋಗಿ ಸಂಧಿಯ ಮಾತನಾಡಿದನು. ಕೇಳಿದುದು ಕಡೆಗೆ ಐದೇ ಗ್ರಾಮ. ಸಂಧಾನ ಮುರಿಯಿತು, ಯುದ್ಧವಾಯಿತು. ಹಾಗೆಂದು ಕೃಷ್ಣನು ಹೋದುದು ವ್ಯರ್ಥವೆಂದು ನಮ್ಮ ಅಜ್ಜಿಯರಾರೂ ಹೇಳಲಿಲ್ಲ. ಮುರಿದವನನ್ನು ಹಳಿದರೇ ಹೊರತು ಹೋದವನನ್ನು ಹಳಿಯಲಿಲ್ಲ. ಸಾವಿರಾರು ವರ್ಷಗಳಿಂದ ಈ ಕಥೆಯನ್ನು ಕೇಳುತ್ತ ಬಂದ ನಾವು ಇಂದು ಸದ್ಭಾವನಾ ಭೇಟಿಯನ್ನು ಕಂಡು ಮೂಗು ಮುರಿಯುವುದು ಉಚಿತವೆ?

ಆದುದರಿಂದ, ವಾಚಕರೆ, ಇಂತಹ ಸುದ್ದಿಯನ್ನು ಓದುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ದೊಡ್ಡವನು ಮೊದಲು ಬಾಗಿದನೆ? ಹಾರ ಬಾಡಿದ ಮೇಲೆ ಉಳಿಯುವ ಕಾಗದವೇನು? ಆ ಕಾಗದದ ಖರ್ಚನ್ನು ಯಾರು ಹೊತ್ತರು? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕಿದ ಭೇಟಿಗಳು ಜಗತ್ತಿನಲ್ಲಿ ಕೆಲವೇ. ಆದರೆ ಭೇಟಿಯೇ ಆಗದಿದ್ದರೆ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. 1986ರಲ್ಲಿ ನಂದಿಯ ನೆತ್ತಿಯನ್ನೇರಿದ್ದ ಸಂಘದ ಶೃಂಗಸಭೆ ಕೊನೆಯ ಬಾರಿ ಕೂಡಿದುದು 2014ರಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಾಗಿದ್ದುದು ಉರಿಯ ಸೈನಿಕ ಶಿಬಿರದ ಮೇಲಣ ದಾಳಿಯ ಬಳಿಕ ನಿಂತುಹೋಯಿತು; ಮತ್ತೆ ನಾಯಕರು ಒಟ್ಟಿಗೆ ಕುಳಿತಿಲ್ಲ. ನೆಹರೂರವರು 1960ರಲ್ಲಿ ಕರಾಚಿಗೆ ಹೋಗಿ ಅಯೂಬ್ ಖಾನರೊಡನೆ ಸಹಿ ಮಾಡಿದ ಸಿಂಧೂ ನದಿಯ ಒಪ್ಪಂದ ಮೂರು ಯುದ್ಧಗಳಲ್ಲಿ ಉಳಿದು ಬಂದಿದ್ದಿತು. ಪಹಲ್ಗಾಮಿನಲ್ಲಿ ನಿರಪರಾಧಿಗಳ ಕೊಲೆಯಾದ ಮೇಲೆ, 2025ರ ಏಪ್ರಿಲಿನಲ್ಲಿ, ಭಾರತ ಅದನ್ನು ತಡೆಹಿಡಿಯಿತು. ಮನೆಗೆ ಬೆಂಕಿಯಿಟ್ಟವನೊಡನೆ ಎಳ್ಳುಬೆಲ್ಲದ ಮಾತೆಲ್ಲಿ ಎಂದು ಕೇಳುವವರ ನೋವು ಸುಳ್ಳಲ್ಲ. ಆದರೂ ನೆರೆಮನೆಯನ್ನು ಎತ್ತಿ ಬೇರೆ ಬೀದಿಗೆ ಇಡುವ ವಿದ್ಯೆಯನ್ನು ಯಾವ ದೇಶವೂ ಇನ್ನೂ ಕಂಡುಹಿಡಿದಿಲ್ಲ.

ನಮ್ಮ ಬಾಲ್ಯದ ಆ ಮನೆಯ ಸೂರಿಗೆ ಕಟ್ಟಿದ್ದ ತಗಡಿನ ದೋಣಿಗೆ ಎರಡು ಮೂರು ವರ್ಷಗಳಿಗೊಮ್ಮೆ ತುಕ್ಕು ಹಿಡಿದು ತೂತು ಬೀಳುತ್ತಿದ್ದಿತು. ಒಂದು ಸಲ ತಂದೆಯವರು ಬೆಸುಗೆ ಹಾಕಿಸಿದರೆ, ಇನ್ನೊಂದು ಸಲ ಪಕ್ಕದ ಮನೆಯವರು ಹಾಕಿಸುತ್ತಿದ್ದರು. ಯಾರ ಸರದಿಯೆಂದು ಚರ್ಚೆಯಾಗುತ್ತಿದ್ದುದೂ ಉಂಟು. ಆದರೆ ಸಂಕ್ರಾಂತಿ ಬಂದಾಗ ಅಕ್ಕನ ತಟ್ಟೆ ಮೊದಲು ಆ ಮನೆಗೇ ಹೋಗುತ್ತಿದ್ದಿತು.